ಇನ್‌ಬಾಕ್ಸ್ ಬರಿದಾಗಿದೆ, 'ಎನ್‌ಎಸ್‌ಟಿಎಂಪಿ' ಅಂತ ಹೊಸ ಫೋಲ್ಡರ್ ಬಂದಿದೆ. ಅಳಿಸಿಬಿಡಲಾ?

ಅಡಿಕೆಪಟ್ಟೆ:
ಥಂಡರ್‌ಬರ್ಡ್ (ಮೇಲ್ ಪ್ರೋಗ್ರಾಂ), ವಿಂಡೋಸ್ 11, ಪಾಪ್ ಖಾತೆ (ಸರ್ವರ್‌ನಿಂದ ಮೇಲನ್ನು ಕಂಪ್ಯೂಟರ್‌ಗೇ ಇಳಿಸಿಕೊಳ್ಳುವ ಬಗೆ). ಫೋಲ್ಡರ್ ಕಾಂಪ್ಯಾಕ್ಟ್ ಮಾಡಲಾ ಅಂತ ಕೇಳಿತು, ಹೂಂ ಅಂದೆ. ಅರ್ಧ ಗಂಟೆ ಅಲ್ಲಾಡಲಿಲ್ಲ, ಟಾಸ್ಕ್ ಮ್ಯಾನೇಜರ್‌ನಿಂದ ಮುಚ್ಚಿದೆ. ಈಗ ಇನ್‌ಬಾಕ್ಸ್‌ನಲ್ಲಿ ಆಮೇಲೆ ಬಂದ 60 ಚಿಲ್ಲರೆ ಮೇಲ್ ಮಾತ್ರ. ಮೊದಲು 9 ಸಾವಿರದ ಹತ್ತಿರ ಇತ್ತು. ಎಡಗಡೆ ಪಟ್ಟಿಯಲ್ಲಿ 'ಎನ್‌ಎಸ್‌ಟಿಎಂಪಿ' ಅಂತ ನಾನು ಮಾಡದ ಫೋಲ್ಡರ್ ಕೂತಿದೆ.

ಪ್ರೊಫೈಲ್ (ಥಂಡರ್‌ಬರ್ಡ್ ಮೇಲ್, ಸೆಟ್ಟಿಂಗ್ ಎಲ್ಲ ಇಡುವ ಫೋಲ್ಡರ್) ಒಳಗೆ ನೋಡಿದರೆ: ಇನ್‌ಬಾಕ್ಸ್ 14 ಎಂಬಿ, ಇನ್‌ಬಾಕ್ಸ್ ಡಾಟ್ ಎಂಎಸ್‌ಎಫ್ 90 ಕೆಬಿ, ಎನ್‌ಎಸ್‌ಟಿಎಂಪಿ 2.3 ಜಿಬಿ. ಸಿ ಡ್ರೈವ್‌ನಲ್ಲಿ ಖಾಲಿ ಇರುವುದು 3.5 ಜಿಬಿ.

ಇನ್ನೊಂದು ಪ್ರಶ್ನೆ. ಹೋದ ವಾರ 'ಬಿಲ್ಸ್' ಫೋಲ್ಡರ್‌ನಿಂದ ಸುಮಾರು 40 ಮೇಲ್ ಅಳಿಸಿ ಟ್ರ್ಯಾಶ್ ಕೂಡ ಖಾಲಿ ಮಾಡಿದ್ದೆ. ಈಗ ಜಿಎಸ್‌ಟಿ ಲೆಕ್ಕಕ್ಕೆ ಅವೇ ಬೇಕು. ಆಸೆ ಬಿಡಬೇಕಾ?

ಗುರು_ಬೈಟ್:
ಇನ್‌ಬಾಕ್ಸ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ರಿಪೇರ್ ಫೋಲ್ಡರ್. ಮುಗೀತು.

ಅಂಚೆಡಬ್ಬಿ:
ರಿಪೇರ್ ಒತ್ತಬೇಡಿ! ಕಾಂಪ್ಯಾಕ್ಟ್ ಅಂತೂ ಬೇಡವೇ ಬೇಡ. ಮೊದಲು ಥಂಡರ್‌ಬರ್ಡ್ ಮುಚ್ಚಿ. ಕಿಟಕಿ ಮುಚ್ಚಿದರೆ ಸಾಲದು, ಟಾಸ್ಕ್ ಮ್ಯಾನೇಜರ್‌ನಲ್ಲಿ ಅದರ ಹೆಸರೇ ಇರಬಾರದು. ಆಮೇಲೆ ಇಡೀ ಪ್ರೊಫೈಲ್ ಫೋಲ್ಡರನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಮಿಕ್ಕಿದ್ದೆಲ್ಲ ಅದಾದ ಮೇಲೆ.

ಗುರು_ಬೈಟ್:
ರಿಪೇರ್‌ನಿಂದ ಏನ್ ಗುರು ತೊಂದ್ರೆ? ಇಂಡೆಕ್ಸ್ ಮಾತ್ರ ಹೊಸದಾಗಿ ಕಟ್ಟುತ್ತೆ, ಮೇಲ್ ಮುಟ್ಟಲ್ಲ.

ಅಂಚೆಡಬ್ಬಿ:
ಪಾಪ್ ಖಾತೆಗೆ ನೀವು ಹೇಳಿದ್ದು ಸರಿ. ಆದರೆ ಇಲ್ಲಿ ಅದರಿಂದ ಉಪಯೋಗವೇ ಇಲ್ಲ. ಇನ್‌ಬಾಕ್ಸ್ ಫೈಲ್ 14 ಎಂಬಿ ಇದೆ. ಎಷ್ಟು ಸಲ ರಿಪೇರಿ ಮಾಡಿದರೂ 14 ಎಂಬಿಯೊಳಗಿನ ಮೇಲೇ ಕಾಣುವುದು. ಅವರ ಮೇಲ್ ಇರುವುದು ಎನ್‌ಎಸ್‌ಟಿಎಂಪಿಯಲ್ಲಿ.

ಅಡಿಕೆಪಟ್ಟೆಯವರೇ, ನಡೆದದ್ದು ಹೀಗೆ. ಥಂಡರ್‌ಬರ್ಡ್ ಒಂದು ಫೋಲ್ಡರ್‌ನ ಎಲ್ಲ ಮೇಲ್‌ಗಳನ್ನೂ ಒಂದೇ ಉದ್ದನೆಯ ಪಠ್ಯ ಫೈಲ್‌ನಲ್ಲಿ ಒಂದರ ಹಿಂದೆ ಒಂದು ಪೋಣಿಸಿಡುತ್ತದೆ. ಇದಕ್ಕೆ ಎಂಬಾಕ್ಸ್ ಅನ್ನುತ್ತಾರೆ. 'ಇನ್‌ಬಾಕ್ಸ್' ಅನ್ನುವ, ಬಾಲವಿಲ್ಲದ (ಹೆಸರಿನ ಕೊನೆಗೆ ಡಾಟ್ ಎಂಎಸ್‌ಎಫ್ ಥರದ್ದೇನೂ ಇಲ್ಲದ) ಫೈಲ್ ಅದೇ. ಪಕ್ಕದ ಎಂಎಸ್‌ಎಫ್ ಬರೀ ಇಂಡೆಕ್ಸ್, ಅಂದರೆ ಮೇಲ್‌ಗಳ ಪಟ್ಟಿ. ನೀವು ಮೇಲ್ ಅಳಿಸಿದಾಗ ಎಂಬಾಕ್ಸ್‌ನಿಂದ ಏನೂ ಹೋಗುವುದಿಲ್ಲ, 'ಅಳಿದಿದೆ' ಅಂತ ಒಂದು ಗುರುತು ಬೀಳುತ್ತದೆ ಅಷ್ಟೆ. ಕಾಂಪ್ಯಾಕ್ಟ್ ಅಂದರೆ ಗುರುತು ಬೀಳದ ಮೇಲ್‌ಗಳನ್ನು ಮಾತ್ರ ಎನ್‌ಎಸ್‌ಟಿಎಂಪಿ ಎಂಬ ತಾತ್ಕಾಲಿಕ ಫೈಲ್‌ಗೆ ಬರೆದು, ಹಳೆಯದನ್ನು ತೆಗೆದು, ಹೊಸದಕ್ಕೆ ಇನ್‌ಬಾಕ್ಸ್ ಅಂತ ಹೆಸರಿಡುವುದು. ನಿಮ್ಮಲ್ಲಿ ಹಳೆಯದು ಹೋಗಿದೆ, ಹೆಸರಿಡುವ ಶಾಸ್ತ್ರ ಆಗಿಲ್ಲ. ಆಮೇಲೆ ಹೊಸ ಮೇಲ್ ಬಂದಾಗ ಇನ್‌ಬಾಕ್ಸ್ ಇಲ್ಲ ಅಂತ ಹೊಸದೊಂದು ಹುಟ್ಟಿದೆ. ಆ ಎನ್‌ಎಸ್‌ಟಿಎಂಪಿ ಫೋಲ್ಡರ್ ಅಳಿಸಿದ್ದರೆ ಕಥೆ ಮುಗಿಯುತ್ತಿತ್ತು.

ಕರಾವಳಿ_ಕೋಡ್:
ಹೆಸರಿಡುವಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಆಂಟಿವೈರಸ್ ಮೇಲೆ ಅನುಮಾನ ಉಂಟು ಮಾರಾಯ್ರೆ. 2 ಜಿಬಿ ಫೈಲ್ ಹೊಸದಾಗಿ ಹುಟ್ಟಿದ ಕೂಡಲೇ ಅದು ಹಿಡಿದುಕೊಂಡು ಸ್ಕ್ಯಾನ್‌ಗೆ ಕೂರ್ತದೆ; ಅಷ್ಟರಲ್ಲಿ ಹೆಸರು ಬದಲಿಸಲಿಕ್ಕೆ ವಿಂಡೋಸ್ ಬಿಡುದಿಲ್ಲ. ಪ್ರೊಫೈಲ್ ಫೋಲ್ಡರನ್ನು ಸ್ಕ್ಯಾನ್‌ನ ಹೊರಗಿಡಿ. ವಿಂಡೋಸ್ ಸೆಕ್ಯೂರಿಟಿ, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗೆ ಎಕ್ಸ್‌ಕ್ಲೂಶನ್ಸ್, ಅಲ್ಲಿ ಫೋಲ್ಡರ್ ಸೇರಿಸುದು.

ಗುರು_ಬೈಟ್:
ಮೇಲ್ ಫೋಲ್ಡರ್‌ಗೇ ಸ್ಕ್ಯಾನ್ ಬೇಡ ಅಂತೀರಾ? ವೈರಸ್ ಬರೋದೇ ಅಲ್ಲಿಂದ!

ಕರಾವಳಿ_ಕೋಡ್:
ಅಟ್ಯಾಚ್‌ಮೆಂಟ್ ತೆರೆಯುವಾಗ ಅದು ಟೆಂಪ್ ಫೋಲ್ಡರ್‌ಗೆ ಬರ್ತದೆ, ಅಲ್ಲಿ ಸ್ಕ್ಯಾನ್ ಆಗ್ತದೆ. ಎಂಬಾಕ್ಸ್ ಒಳಗೆ ಒಂದು ಕೆಟ್ಟ ಮೇಲ್ ಸಿಕ್ಕಿತು ಅಂತ ಆಂಟಿವೈರಸ್ ಇಡೀ ಇನ್‌ಬಾಕ್ಸನ್ನೇ ಕ್ವಾರಂಟೀನ್‌ಗೆ ಎತ್ತಿಕೊಂಡು ಹೋದ್ರೆ? ಅದು ಆಗುವ ವಿಷಯವೇ. ಪೂರ್ತಿ ಹೊರಗಿಡಲಿಕ್ಕೆ ಹೆದರಿಕೆ ಇದ್ರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ ಕೆಳಗೆ ಆಂಟಿವೈರಸ್ ಅಂತ ಒಂದು ಟಿಕ್ ಉಂಟು, ಒಂದೊಂದೇ ಮೇಲ್ ಕ್ವಾರಂಟೀನ್ ಮಾಡಲಿಕ್ಕೆ ಬಿಡುದು. ಅದನ್ನು ಹಾಕಿದ್ರೆ ಬಂದ ಮೇಲ್ ಮೊದಲು ಬೇರೆ ಫೈಲ್‌ಗೆ ಹೋಗಿ ಆಮೇಲೆ ಇನ್‌ಬಾಕ್ಸ್‌ಗೆ ಸೇರ್ತದೆ. ಹಳೇ ಮೇಲ್‌ಗೆ ಅದರಿಂದ ರಕ್ಷಣೆ ಇಲ್ಲ.

ಅಡಿಕೆಪಟ್ಟೆ:
ಪ್ರೊಫೈಲ್ ಒಟ್ಟು 5.2 ಜಿಬಿ. 16 ಜಿಬಿ ಪೆನ್ ಡ್ರೈವ್ ಇದೆ. ಜಿಪ್ ಮಾಡಿ ಹಾಕಲಾ?

ಲಿನಕ್ಸಜ್ಜ:
ಪೆನ್ ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಯುವುದಿಲ್ಲ, ಜಿಪ್ ನಡುವೆ ನಿಲ್ಲುತ್ತದೆ. ಬಿಡಿಬಿಡಿಯಾಗಿ ಫೋಲ್ಡರನ್ನೇ ಎಳೆದು ಹಾಕಿ. ನಿಮ್ಮ ಅತಿ ದೊಡ್ಡ ಫೈಲ್ 2.3 ಜಿಬಿ, ಹಿಡಿಯುತ್ತದೆ.

ಹುಬ್ಬಳ್ಳಿ_ಹಾರ್ಡ್‌ಡಿಸ್ಕ್:
ಪ್ರೊಫೈಲ್ ಎಲ್ಲೈತಿ ಅಂತ ಹುಡುಕೋರಿಗೆ: ಹೆಲ್ಪ್ ಮೆನು, ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್, ಅಲ್ಲೇ ಪ್ರೊಫೈಲ್ ಫೋಲ್ಡರ್ ಎದುರಿಗೆ ಓಪನ್ ಬಟನ್ ಐತ್ರಿ. ತೆರದ ಮ್ಯಾಲೆ ಥಂಡರ್‌ಬರ್ಡ್ ಬಂದ್ ಮಾಡ್ರಿ. 'ಮೇಲ್' ಅನ್ನೋ ಫೋಲ್ಡರಿನಾಗ ಪಾಪ್ ಮತ್ತ ಲೋಕಲ್ ಫೋಲ್ಡರ್ಸ್ ಇರ್ತಾವ, 'ಐಮ್ಯಾಪ್‌ಮೇಲ್' ಒಳಗ ಐಮ್ಯಾಪ್ ಖಾತೆ (ಮೇಲ್ ಸರ್ವರಿನಾಗ ಇದ್ದು, ಇಲ್ಲಿ ಅದರ ನಕಲು ಇರೋ ಬಗೆ). ಎಸ್‌ಬಿಡಿ ಅಂತ ಬಾಲ ಇರೋವು ಒಳಫೋಲ್ಡರ್ ಇಡೋ ಡಬ್ಬಿ. ಅವನ್ನ ಬಿಟ್ಟು ಕಾಪಿ ಮಾಡಿದ್ರ ಅರ್ಧ ಮೇಲ್ ಹೊರಗ ಉಳೀತಾವ.

ಅಡಿಕೆಪಟ್ಟೆ:
ಕಾಪಿ ಆಯಿತು. ಮುಂದೆ?

ಅಂಚೆಡಬ್ಬಿ:
ಥಂಡರ್‌ಬರ್ಡ್ ಮುಚ್ಚಿಯೇ ಇರಲಿ.

ಎನ್‌ಎಸ್‌ಟಿಎಂಪಿ ಫೈಲನ್ನು ಈಗಿರುವ ಜಾಗದಿಂದ ಮೇಲ್ ಫೋಲ್ಡರ್ ಒಳಗಿನ 'ಲೋಕಲ್ ಫೋಲ್ಡರ್ಸ್'ಗೆ ಕತ್ತರಿಸಿ ಅಂಟಿಸಿ. ಕಾಪಿ ಬೇಡ, ನಿಮಗೆ ಜಾಗ ಕಡಿಮೆ. ಅದಕ್ಕೆ 'ಓಲ್ಡ್‌ಮೇಲ್' ಅಂತ ಏನಾದರೂ ಇಂಗ್ಲಿಷ್ ಹೆಸರು ಕೊಡಿ, ಬಾಲ ಬೇಡ. ವಿಂಡೋಸ್ ಬಾಲ ಮುಚ್ಚಿಟ್ಟು ತೋರಿಸುತ್ತಿದ್ದರೆ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಟಿಕ್ ಹಾಕಿ ನೋಡಿ. ಎನ್‌ಎಸ್‌ಟಿಎಂಪಿ ಡಾಟ್ ಎಂಎಸ್‌ಎಫ್ ಇದ್ದರೆ ಅಳಿಸಿ. ಈಗ ಥಂಡರ್‌ಬರ್ಡ್ ತೆರೆದರೆ ಲೋಕಲ್ ಫೋಲ್ಡರ್ಸ್ ಕೆಳಗೆ ಓಲ್ಡ್‌ಮೇಲ್ ಕಾಣುತ್ತದೆ. ಅದರ ಮೇಲೆ ಒಂದು ಸಲ ಕ್ಲಿಕ್ ಮಾಡಿ, ಕೈಕಟ್ಟಿ ಕೂತುಕೊಳ್ಳಿ. 2.3 ಜಿಬಿಗೆ ಇಂಡೆಕ್ಸ್ ಕಟ್ಟುವವರೆಗೆ ಕೆಳಗಿನ ಪಟ್ಟಿಯಲ್ಲಿ ಕೆಲಸ ನಡೆಯುತ್ತಿರುವುದು ಕಾಣುತ್ತದೆ. ನಿಂತಂತೆ ಕಂಡರೂ ಮುಚ್ಚಬೇಡಿ.

ತಾರೀಕಿನ ಮೇಲೆ ಕ್ಲಿಕ್ ಮಾಡಿ, ಮೊದಲ ಹಾಗೂ ಕೊನೆಯ ಮೇಲ್ ತೆರೆದು ನೋಡಿ. ಬರೆಯುವಾಗಲೇ ಮುಚ್ಚಿದ್ದರೆ ಫೈಲ್‌ನ ತುದಿಯ ಮೇಲ್ ಅರ್ಧಕ್ಕೆ ತುಂಡಾಗಿರಬಹುದು.

ಗುರು_ಬೈಟ್:
ಅಷ್ಟೆಲ್ಲ ಯಾಕೆ? ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ಎಸ್‌ಟಿಎಂಪಿ ಮತ್ತು ಇನ್‌ಬಾಕ್ಸ್ ಎರಡನ್ನೂ ಬೈನರಿ ಕಾಪಿಯಲ್ಲಿ ಒಂದಕ್ಕೊಂದು ಅಂಟಿಸಿ, ಎಂಎಸ್‌ಎಫ್ ಅಳಿಸಿದ್ರೆ ಒಂದೇ ಏಟಿಗೆ ಕೆಲಸ ಆಗುತ್ತಲ್ಲ.

ಲಿನಕ್ಸಜ್ಜ:
ಎಂಬಾಕ್ಸ್ ಎರಡನ್ನು ಅಂಟಿಸುವುದು ತಾತ್ವಿಕವಾಗಿ ಸರಿ. ಆದರೆ ಮೊದಲ ಫೈಲ್ ತುದಿಯಲ್ಲಿ ತುಂಡಾಗಿದ್ದು, ಕೊನೆಗೆ ಹೊಸ ಸಾಲು ಇಲ್ಲದಿದ್ದರೆ, ಎರಡನೆಯ ಫೈಲ್‌ನ ಮೊದಲ ಸಾಲು ತುಂಡು ಮೇಲಿನ ಬಾಲಕ್ಕೆ ಅಂಟುತ್ತದೆ. 'ಫ್ರಮ್', ಒಂದು ಖಾಲಿ ಜಾಗ, ಒಂದು ಅಡ್ಡಗೆರೆ: ಇದು ಸಾಲಿನ ಶುರುವಿನಲ್ಲೇ ಇದ್ದರೆ ಮಾತ್ರ ಹೊಸ ಮೇಲ್ ಅಂತ ಲೆಕ್ಕ. ಹಾಗಾಗಿ ಒಂದು ಮೇಲ್ ಇನ್ನೊಂದರ ಹೊಟ್ಟೆಯೊಳಗೆ ಹೋಗುತ್ತದೆ. ಜೊತೆಗೆ ಅಂಟಿಸಿದ ಮೂರನೇ ಫೈಲ್‌ಗೆ ಇನ್ನೂ 2.3 ಜಿಬಿ ಜಾಗ ಬೇಕು. ಬೇರೆ ಫೋಲ್ಡರ್ ಆಗಿಯೇ ಇರಲಿ, ಅದರಿಂದ ನಷ್ಟವೇನಿಲ್ಲ.

ಅಂಚೆಡಬ್ಬಿ:
ಇನ್‌ಬಾಕ್ಸ್‌ಗೆ ವಾಪಸ್ ತರುವುದು ಬೇಡ ಅಂತಲೇ ನನ್ನ ಅಭಿಪ್ರಾಯ. 9 ಸಾವಿರ ಮೇಲ್ ಇನ್‌ಬಾಕ್ಸ್‌ನಲ್ಲಿಟ್ಟದ್ದೇ ಈ ಪಾಡಿಗೆ ಕಾರಣ. ವರ್ಷಕ್ಕೊಂದು ಫೋಲ್ಡರ್ ಮಾಡಿ, 500-1000ರ ಕಂತಿನಲ್ಲಿ ಸರಿಸಿ. ಒಂದೇ ಸಲ 9 ಸಾವಿರ ಹಿಡಿದು ಎಳೆಯಬೇಡಿ.

ಅಡಿಕೆಪಟ್ಟೆ:
ಬಂತು! 8,871 ಮೇಲ್ ಕಾಣುತ್ತಿವೆ. ಕೊನೆಯದೂ ಪೂರ್ತಿ ಇದೆ. ಎಲ್ಲರಿಗೂ ದೊಡ್ಡ ನಮಸ್ಕಾರ. ಇನ್ನು ಆ 40 ಬಿಲ್? ಕಾಂಪ್ಯಾಕ್ಟ್ ಆಗಿಬಿಟ್ಟಿದೆಯಲ್ಲ, ಹೋಯಿತಾ?

ಲಿನಕ್ಸಜ್ಜ:
ಹೋಗಿರಲಿಕ್ಕಿಲ್ಲ. ಕಾಂಪ್ಯಾಕ್ಟ್ ಒಂದೊಂದೇ ಫೋಲ್ಡರ್ ಮುಗಿಸಿ ಮುಂದಕ್ಕೆ ಹೋಗುತ್ತದೆ. ಇನ್‌ಬಾಕ್ಸ್‌ನಲ್ಲೇ ಅದು ನಿಂತಿದ್ದರೆ ಬಿಲ್ಸ್ ವರೆಗೆ ಬಂದೇ ಇಲ್ಲ. ಪರೀಕ್ಷೆ ಸುಲಭ. ಬಿಲ್ಸ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್‌ನಲ್ಲಿ ಎಷ್ಟು ಮೇಲ್ ಇದೆ ಅಂತ ಬರೆದುಕೊಳ್ಳಿ. ಪ್ರೋಗ್ರಾಂ ಮುಚ್ಚಿ, ಬಿಲ್ಸ್ ಫೈಲನ್ನು ಎಡಿಟರ್‌ನಲ್ಲಿ ತೆರೆದು, ಸಾಲಿನ ಶುರುವಿನಲ್ಲಿ 'ಫ್ರಮ್ ಅಡ್ಡಗೆರೆ' ಎಷ್ಟು ಸಲ ಇದೆ ಅಂತ ಎಣಿಸಿ. ಎರಡರ ನಡುವಿನ ವ್ಯತ್ಯಾಸವೇ ಅಳಿಸಿದರೂ ಇನ್ನೂ ಒಳಗಿರುವ ಮೇಲ್.

ಅಡಿಕೆಪಟ್ಟೆ:
ಪ್ರಾಪರ್ಟೀಸ್‌ನಲ್ಲಿ 612. ಫೈಲ್‌ನಲ್ಲಿ 958. ನಾನು ಅಳಿಸಿದ್ದು 40 ಅಲ್ಲವೇ? 346 ಹೇಗೆ?

ಲಿನಕ್ಸಜ್ಜ:
ಥಂಡರ್‌ಬರ್ಡ್‌ನಲ್ಲಿ 'ಸರಿಸುವುದು' ಅಂದರೆ ಅಲ್ಲಿಗೊಂದು ನಕಲು ಮಾಡಿ ಇಲ್ಲಿಯದನ್ನು ಅಳಿಸುವುದು. ಬಿಲ್ಸ್‌ನಿಂದ ಬೇರೆ ಫೋಲ್ಡರ್‌ಗೆ ನೀವು ಯಾವತ್ತಾದರೂ ಸರಿಸಿದ್ದೆಲ್ಲ ಇಲ್ಲಿ ಹೆಣವಾಗಿ ಬಿದ್ದಿವೆ. ಅವೂ ಎದ್ದು ಬರುತ್ತವೆ, ಸಿದ್ಧವಾಗಿರಿ.

ಪ್ರತಿ ಮೇಲ್‌ನ ತಲೆಯಲ್ಲಿ 'ಎಕ್ಸ್-ಮೊಜಿಲ್ಲಾ-ಸ್ಟೇಟಸ್' ಅಂತ ಒಂದು ಸಾಲು, ಎದುರಿಗೆ ನಾಲ್ಕು ಅಂಕಿ. ಅದು ಹದಿನಾರರ ಪದ್ಧತಿಯ ಸಂಖ್ಯೆ, ಒಂದೊಂದು ಬಿಟ್‌ಗೂ ಒಂದು ಅರ್ಥ: 0001 ಅಂದರೆ ಓದಿದೆ, 0002 ಉತ್ತರ ಕೊಟ್ಟಿದೆ, 0004 ನಕ್ಷತ್ರ ಹಾಕಿದೆ, 0008 ಅಳಿಸಿದೆ. 1000 ಇದ್ದರೆ ಫಾರ್ವರ್ಡ್ ಆಗಿದೆ. ಇವನ್ನು ಕೂಡಿಸಿ ಬರೆದಿರುತ್ತದೆ. ಓದಿ ಅಳಿಸಿದ್ದು 0009.

ಬಿಲ್ಸ್ ಫೈಲ್‌ನ ನಕಲು ಮಾಡಿ, ಲೋಕಲ್ ಫೋಲ್ಡರ್ಸ್‌ನಲ್ಲಿ 'ಬಿಲ್ಸ್2' ಅಂತ ಇಡಿ. ಮೂಲದ ಬಿಲ್ಸ್ ಮುಟ್ಟುವುದೇ ಬೇಡ. ನಕಲಿನಲ್ಲಿ 0009 ಇರುವಲ್ಲೆಲ್ಲ 0001 ಮಾಡಿ ಉಳಿಸಿ, ಥಂಡರ್‌ಬರ್ಡ್ ತೆರೆಯಿರಿ.

ಗುರು_ಬೈಟ್:
ಇದು ಹೊಸ ವಿಷಯ ನಂಗೆ. 0009 ಒಂದೇ ಹುಡುಕಿದ್ರೆ ಸಾಕಾ?

ಬಿಟ್‌ಬೀಸಣಿಗೆ:
ಸಾಲದು. ಉತ್ತರ ಕೊಟ್ಟು ಅಳಿಸಿದ್ದು 000ಬಿ, ನಕ್ಷತ್ರ ಹಾಕಿ ಅಳಿಸಿದ್ದು 000ಡಿ, ಓದದೆ ಅಳಿಸಿದ್ದು 0008, ಫಾರ್ವರ್ಡ್ ಮಾಡಿ ಅಳಿಸಿದ್ದು 1009. ಸೂತ್ರ ಒಂದೇ: ಕೊನೆಯ ಅಂಕಿ 8, 9 ಅಥವಾ ಎ ಇಂದ ಎಫ್ ವರೆಗಿನ ಅಕ್ಷರ ಆಗಿದ್ದರೆ ಅಳಿಸಿದ ಮೇಲ್. 0ಯಿಂದ 7 ಆದರೆ ಜೀವಂತ. ರೆಗ್ಯುಲರ್ ಎಕ್ಸ್‌ಪ್ರೆಶನ್ (ನಮೂನೆ ಕೊಟ್ಟು ಹುಡುಕುವ ವಿಧಾನ) ಬರುವ ಎಡಿಟರ್‌ನಲ್ಲಿ, ಸಾಲಿನ ಶುರು, ಆ ಹೆಸರು, ಮೂರು ಯಾವುದಾದರೂ ಅಂಕಿ, ಕೊನೆಗೆ ಚೌಕ ಕಂಸದಲ್ಲಿ 89 ಮತ್ತು ಎ-ಎಫ್ ಅಂತ ಕೊಟ್ಟು ಎಲ್ಲಕ್ಕೂ 0001 ತುಂಬಿ. ಉತ್ತರ, ನಕ್ಷತ್ರದ ಗುರುತು ಹೋಗುತ್ತವೆ. ಹೋಗಲಿ.

ಕೆಳಗೇ 'ಸ್ಟೇಟಸ್2' ಅಂತ ಎಂಟು ಅಂಕಿಯ ಇನ್ನೊಂದು ಸಾಲಿರುತ್ತದೆ. ಅದು ಬೇರೆ, ಮುಟ್ಟಬೇಡಿ.

ಹುಬ್ಬಳ್ಳಿ_ಹಾರ್ಡ್‌ಡಿಸ್ಕ್:
ಇನ್ನೊಂದು ಹಾದಿ ಐತ್ರಿ. ಸಾಯಬೇಕಾದ ಮೇಲ್ ಎಲ್ಲಾ ಏಳೂದು ಬ್ಯಾಡ, 40 ಅಷ್ಟ ಸಾಕು ಅಂದ್ರ, ಎಡಿಟರಿನಾಗ ಬಿಲ್ ಕಳಿಸಿದವರ ವಿಳಾಸ ಹುಡುಕ್ರಿ, ಆ ಮೇಲಿಂದಷ್ಟ ಅಂಕಿ ಬದಲಿ ಮಾಡ್ರಿ. 40 ಅಂದ್ರ ಹತ್ತು ನಿಮಿಷದ ಕೆಲಸ.

ಅಡಿಕೆಪಟ್ಟೆ:
ಎಲ್ಲವನ್ನೂ ಎಬ್ಬಿಸಿದೆ. ಬಿಲ್ಸ್2ರಲ್ಲಿ 958 ಮೇಲ್. ಬೇಕಾದ 40ಕ್ಕೆ 40 ಸಿಕ್ಕವು, ಅಟ್ಯಾಚ್‌ಮೆಂಟ್ ಎಲ್ಲ ತೆರೆಯುತ್ತಿವೆ. ಆದರೆ ಒಂದು ವಿಚಿತ್ರ. 2005-2006ರ ಕೆಲವು ಕನ್ನಡ ಮೇಲ್‌ಗಳು ಕಲಸುಮೇಲೋಗರ ಆಗಿವೆ. ಪೌಂಡ್ ಚಿಹ್ನೆ, ಟೋಪಿ ಹಾಕಿದ ಇಂಗ್ಲಿಷ್ ಅಕ್ಷರ. ಫೈಲ್ ಕೆಟ್ಟಿತಾ?

ಕರಾವಳಿ_ಕೋಡ್:
ಅದು ಕೆಟ್ಟದ್ದಲ್ಲ, ಕನ್ನಡವೇ! ಆ ಕಾಲದಲ್ಲಿ ನುಡಿ, ಬರಹ ಅಂತ ಫಾಂಟ್ ಲೆಕ್ಕದಲ್ಲಿ ಬರೀತಿದ್ದದ್ದು. ಕಂಪ್ಯೂಟರ್ ಒಳಗೆ ಇಂಗ್ಲಿಷ್ ಸಂಕೇತವೇ ಇರುದು, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುದು. ನುಡಿಯಲ್ಲಿ 'ಕನ್ನಡ' ಅಂತ ಬರೆದ್ರೆ ನ ಇರುವ ಜಾಗದಲ್ಲಿ ಪೌಂಡ್ ಚಿಹ್ನೆ ಬರ್ತದೆ. ಫಾಂಟ್ ಹಾಕಿ, ಇಲ್ಲವಾ ಯುನಿಕೋಡ್ ಪರಿವರ್ತಕಕ್ಕೆ ಅಂಟಿಸಿ.

ಬಿಟ್‌ಬೀಸಣಿಗೆ:
ಅರ್ಧ ಒಪ್ಪುತ್ತೇನೆ. ಅಡಿಕೆಪಟ್ಟೆಯವರೇ, ಮೂಲದ ಬಿಲ್ಸ್‌ನಲ್ಲಿ ಅದೇ ಮೇಲ್ ಹೇಗೆ ಕಾಣುತ್ತದೆ? ಬಿಲ್ಸ್2ರಲ್ಲಿ ಮಾತ್ರ ಬೇರೆ ಥರ ಕಂಡರೆ ತಪ್ಪು ಎಡಿಟರ್‌ನದು. ಯಾವ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಪದ್ಧತಿ) ಉಳಿಸಿದಿರಿ?

ಅಡಿಕೆಪಟ್ಟೆ:
ಯುಟಿಎಫ್-8. ಮೂಲದಲ್ಲಿ ಒಂದು ಅಕ್ಷರ ಇರುವಲ್ಲಿ ಬಿಲ್ಸ್2ರಲ್ಲಿ ಎರಡೆರಡು ಇವೆ.

ಬಿಟ್‌ಬೀಸಣಿಗೆ:
ಅದೇ. ಹಳೆಯ ಮೇಲ್‌ಗಳಲ್ಲಿ 8 ಬಿಟ್ ಅಕ್ಷರ ಹಾಗೇ ಬಿದ್ದಿರುತ್ತವೆ. ಎಡಿಟರ್ ಅವನ್ನು ಲ್ಯಾಟಿನ್ ಅಂತ ಓದಿ ಯುಟಿಎಫ್-8ರಲ್ಲಿ ಬರೆದಾಗ ಒಂದು ಬೈಟ್ ಎರಡಾಗುತ್ತದೆ. ಮೇಲ್‌ನ ತಲೆಯಲ್ಲಿ ಮಾತ್ರ ಹಳೇ ಎನ್‌ಕೋಡಿಂಗ್ ಹೆಸರೇ ಇರುತ್ತದೆ. ಅಟ್ಯಾಚ್‌ಮೆಂಟ್‌ಗೆ ಏನೂ ಆಗಿಲ್ಲ, ಏಕೆಂದರೆ ಅವು ಬೇಸ್64ರಲ್ಲಿ ಇರುತ್ತವೆ, ಅಲ್ಲಿ ಬರೀ ಸಾದಾ ಅಕ್ಷರ.

ಬಿಲ್ಸ್2 ಬಿಸಾಡಿ. ಮೂಲದಿಂದ ಇನ್ನೊಂದು ನಕಲು ಮಾಡಿ. ಈ ಸಲ ಎಡಿಟರ್‌ನಲ್ಲಿ ತೆರೆಯುವಾಗಲೇ ಆನ್ಸಿ ಅಥವಾ ಐಎಸ್‌ಒ 8859-1 ಅಂತ ಆರಿಸಿ, ಅದರಲ್ಲೇ ಉಳಿಸಿ. ಸಾಲಿನ ಕೊನೆಯ ಗುರುತನ್ನು ವಿಂಡೋಸ್‌ನಿಂದ ಯುನಿಕ್ಸ್‌ಗೆ, ಅಥವಾ ಉಲ್ಟಾ, ಬದಲಿಸುವ ಎಡಿಟರ್ ಬೇಡ. ನೋಟ್‌ಪ್ಯಾಡ್ ಅಂತೂ 300 ಎಂಬಿಗೇ ತಿಣುಕುತ್ತದೆ.

ಲಿನಕ್ಸಜ್ಜ:
ಅದಕ್ಕೇ ಸೆಡ್ (ಫೈಲ್‌ನಲ್ಲಿ ಹುಡುಕಿ ಬದಲಿಸುವ ಲಿನಕ್ಸ್ ಕಮಾಂಡ್) ಬಳಸಿ ಅನ್ನುವುದು. ಭಾಷಾ ಲೊಕೇಲ್ 'ಸಿ' ಅಂತ ಇಟ್ಟು ಓಡಿಸಿದರೆ ಎನ್‌ಕೋಡಿಂಗ್ ಗೋಜೇ ಇಲ್ಲ, ಬೈಟ್ ಬೈಟಾಗಿ ನೋಡುತ್ತದೆ. ವಿಂಡೋಸ್‌ನ ಲಿನಕ್ಸ್ ಉಪವ್ಯವಸ್ಥೆಯಲ್ಲೂ ನಡೆಯುತ್ತದೆ.

ಗುರು_ಬೈಟ್:
ಅಜ್ಜ, ಬಿಲ್ ಹುಡುಕೋರಿಗೆ ಸೆಡ್ ಕಲಿಸ್ತೀರಲ್ಲ 😀

ಲಿನಕ್ಸಜ್ಜ:
ಒಂದು ಸಾಲು. ಕಲಿಯಲಿ ಬಿಡಿ.

ಮಂಡ್ಯದ_ಮೌಸ್:
ಇದೇ ಎಳೆಯಲ್ಲಿ ಕೇಳ್ತೀನಿ. ಎಂಬಾಕ್ಸ್ ಎಡಿಟರ್‌ನಲ್ಲಿ ತೆರೆದು 'ಕರೆಂಟ್' ಅಂತ ಕನ್ನಡದಲ್ಲಿ ಹುಡುಕಿದ್ರೆ ಒಂದೂ ಸಿಗಲ್ಲ. ಆ ಮೇಲ್ ಇರೋದಂತೂ ಗ್ಯಾರಂಟಿ. ಯಾಕೆ?

ಬಿಟ್‌ಬೀಸಣಿಗೆ:
ಯುನಿಕೋಡ್ ಕನ್ನಡ ಮೇಲ್‌ನಲ್ಲಿ ಹಾಗೇ ಬಿದ್ದಿರುವುದು ಅಪರೂಪ. ಸಬ್ಜೆಕ್ಟ್ ಹೆಚ್ಚಾಗಿ ಬೇಸ್64ರಲ್ಲಿ ಹೋಗುತ್ತದೆ, ಬಾಡಿ ಬೇಸ್64 ಅಥವಾ ಕೋಟೆಡ್ ಪ್ರಿಂಟಬಲ್‌ನಲ್ಲಿ. ಎರಡೂ ಬೈಟ್‌ಗಳನ್ನು ಸಾದಾ ಇಂಗ್ಲಿಷ್ ಚಿಹ್ನೆಗಳಾಗಿ ಬರೆಯುವ ಪದ್ಧತಿಗಳು. ಆದರೆ ಒಂದು ಉಪಾಯ ಇದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಮೂರು ಬೈಟ್, ಮೊದಲ ಎರಡು ಇ0 ಬಿ2 ಅಥವಾ ಇ0 ಬಿ3. ಸ್ವರ, ವ್ಯಂಜನಗಳೆಲ್ಲ ಬಿ2ರಲ್ಲಿ. ಪದ ಶುರುವಾಗುವುದು ಅವುಗಳಿಂದಲೇ. ಹಾಗಾಗಿ ಬೇಸ್64ರಲ್ಲಿ ಕನ್ನಡ ಸಬ್ಜೆಕ್ಟ್ ಯಾವಾಗಲೂ 4 ಅಂಕಿ, ದೊಡ್ಡ ಎಲ್, ದೊಡ್ಡ ಕೆ ಇಂದಲೇ ಶುರು. 'ಕ'ದಿಂದ ಶುರುವಾದರೆ ಮುಂದಿನದು ದೊಡ್ಡ ವಿ. ಅದನ್ನು ಹುಡುಕಿ. ಬಾಡಿ ಕೋಟೆಡ್ ಪ್ರಿಂಟಬಲ್ ಆದರೆ '=ಇ0=ಬಿ2' ಹುಡುಕಿ, ಅಕ್ಷರಗಳು ಇಂಗ್ಲಿಷ್‌ನಲ್ಲಿ.

ಲಿನಕ್ಸಜ್ಜ:
ಒಂದು ತಿದ್ದುಪಡಿ. ಈ ಉಪಾಯ ಮೊದಲ ಪದಕ್ಕೆ ಮಾತ್ರ. ಬೇಸ್64 ಮೂರು ಮೂರು ಬೈಟ್ ಹಿಡಿದು ನಾಲ್ಕು ಅಕ್ಷರ ಮಾಡುತ್ತದೆ. ಕನ್ನಡಕ್ಕೆ ಮೂರು ಬೈಟ್ ಇರುವತನಕ ಅಚ್ಚುಕಟ್ಟು, ನಡುವೆ ಒಂದು ಖಾಲಿ ಜಾಗ ಬಂತೆಂದರೆ ಒಂದು ಬೈಟ್ ಜಾಸ್ತಿಯಾಗಿ ಎಲ್ಲ ಜರುಗುತ್ತದೆ.

ಬಿಟ್‌ಬೀಸಣಿಗೆ:
ಸರಿ. ಮೊದಲ ಖಾಲಿ ಜಾಗದ ನಂತರದ ಕನ್ನಡ ಪದ ಬೇಕಿದ್ದರೆ ದೊಡ್ಡ ಐ, ದೊಡ್ಡ ಓ, ದೊಡ್ಡ ಸಿ, ಸಣ್ಣ ವೈ ಹುಡುಕಿ. ಎರಡನೆಯ ಖಾಲಿ ಜಾಗಕ್ಕೆ ಇನ್ನೊಂದು ರೂಪ. ಅಷ್ಟು ದೂರ ಹೋಗುವವರು ಫೋಲ್ಡರನ್ನು ಥಂಡರ್‌ಬರ್ಡ್‌ಗೆ ಹಾಕಿ ಅದರ ಹುಡುಕಾಟವನ್ನೇ ಬಳಸುವುದು ಲೇಸು.

ಮಂಡ್ಯದ_ಮೌಸ್:
ಥಂಡರ್‌ಬರ್ಡ್ ಹುಡುಕಾಟದಲ್ಲೂ ಸಿಗ್ತಿಲ್ಲ ಅದಕ್ಕೇ ಬಂದೆ.

ಅಂಚೆಡಬ್ಬಿ:
ಮೇಲಿನ ಪಟ್ಟಿಯ ಹುಡುಕಾಟ 'ಗ್ಲೋಬಲ್-ಮೆಸೇಜಸ್-ಡಿಬಿ' ಅನ್ನುವ ಎಸ್‌ಕ್ಯೂಲೈಟ್ ಫೈಲ್ ನೋಡುತ್ತದೆ, ಅದು ಕೆಡುವುದುಂಟು. ಪ್ರೋಗ್ರಾಂ ಮುಚ್ಚಿ ಆ ಒಂದು ಫೈಲ್ ಅಳಿಸಿ. ತೆರೆದಾಗ ತಾನೇ ಮತ್ತೆ ಕಟ್ಟುತ್ತದೆ, ಮೇಲ್‌ಗೆ ಅಪಾಯವಿಲ್ಲ. ಕಟ್ಟುವವರೆಗೆ ಎಡಿಟ್ ಮೆನುವಿನ ಸರ್ಚ್ ಮೆಸೇಜಸ್ ಬಳಸಿ, ಅದು ಆ ಡಿಬಿ ನಂಬಿಕೊಂಡಿಲ್ಲ. ಅದಕ್ಕೂ ಮೊದಲು ಕ್ವಿಕ್ ಫಿಲ್ಟರ್ ಆನ್ ಆಗಿಲ್ಲವಲ್ಲ ನೋಡಿ. 'ಓದದ್ದು ಮಾತ್ರ' ಅಂತ ಒತ್ತಿ ಮರೆತು 'ಮೇಲ್ ಮಾಯ' ಅನ್ನುವವರು ಹತ್ತಕ್ಕೆ ಮೂವರು.

ಮಂಡ್ಯದ_ಮೌಸ್:
ಆ ಮೂವರಲ್ಲಿ ನಾನೂ ಒಬ್ಬ. ಸಿಕ್ತು, ಬಿಡಿ.

ತುಂಗಾ_ತಟ:
ಪಾಪ್ ಆಯಿತು, ಐಮ್ಯಾಪ್‌ಗೂ ಇದೇ ದಾರಿಯಾ? ನಮ್ಮ ಹೋಸ್ಟಿಂಗ್‌ನವರು ಸರ್ವರ್ ಬದಲಿಸಿದ ಮೇಲೆ ಅಲ್ಲಿ ಹಳೇ ಮೇಲ್ ಇಲ್ಲ. ಲ್ಯಾಪ್‌ಟಾಪ್‌ನ ಥಂಡರ್‌ಬರ್ಡ್‌ನಲ್ಲಿ ಇರಬೇಕು, ಇನ್ನೂ ತೆರೆದಿಲ್ಲ.

ಅಂಚೆಡಬ್ಬಿ:
ತೆರೆಯಬೇಡಿ! ವೈಫೈ ಆಫ್ ಮಾಡಿ ಮೊದಲು. ಐಮ್ಯಾಪ್‌ನಲ್ಲಿ ಸರ್ವರ್ ಹೇಳಿದ್ದೇ ಸತ್ಯ. ಸರ್ವರ್ ಖಾಲಿ ಅಂದರೆ ನಿಮ್ಮಲ್ಲಿರುವ ನಕಲನ್ನೂ ಅದು ಖಾಲಿ ಮಾಡುತ್ತದೆ. ಗುರು_ಬೈಟ್ ಶುರುವಿನಲ್ಲಿ ಹೇಳಿದ ರಿಪೇರ್ ಇಲ್ಲಂತೂ ಬೇಡವೇ ಬೇಡ: ಐಮ್ಯಾಪ್ ಫೋಲ್ಡರ್ ಮೇಲೆ ರಿಪೇರ್ ಒತ್ತಿದರೆ ಇಲ್ಲಿಯ ನಕಲು ಎಸೆದು ಸರ್ವರ್‌ನಿಂದ ಹೊಸದಾಗಿ ಇಳಿಸುತ್ತದೆ. ಸರ್ವರ್‌ನಲ್ಲೇ ಇಲ್ಲದಿದ್ದರೆ ಏನನ್ನು ಇಳಿಸುವುದು?

ನೆಟ್ ಇಲ್ಲದೆ ಫೈಲ್ ಎಕ್ಸ್‌ಪ್ಲೋರರ್‌ನಿಂದ ಐಮ್ಯಾಪ್‌ಮೇಲ್ ಒಳಗೆ ಹೋಗಿ. ಫೋಲ್ಡರ್ ಹೆಸರಿನ, ಬಾಲವಿಲ್ಲದ ಫೈಲ್‌ಗಳು ಎಂಬಿಗಟ್ಟಲೆ ಇದ್ದರೆ ಮೇಲ್ ಇದೆ ಅಂತ. ಬರೀ ಎಂಎಸ್‌ಎಫ್ ಇದ್ದರೆ ಸಬ್ಜೆಕ್ಟ್ ಪಟ್ಟಿ ಮಾತ್ರ, ಬಾಡಿ ಇಳಿಸಿಕೊಂಡೇ ಇಲ್ಲ. ಇದ್ದವನ್ನು ಲೋಕಲ್ ಫೋಲ್ಡರ್ಸ್‌ಗೆ ಕಾಪಿ ಮಾಡಿ, ಮೇಲಿನಂತೆಯೇ ಹೆಸರು ಕೊಟ್ಟು ತೆರೆಯಿರಿ. ಅಲ್ಲಿ ಕಂಡದ್ದನ್ನು ಆಮೇಲೆ ಹೊಸ ಸರ್ವರ್‌ನ ಫೋಲ್ಡರ್‌ಗೆ ಎಳೆದು ಏರಿಸಬಹುದು.

ತುಂಗಾ_ತಟ:
ಫೈಲ್‌ಗಳು ಇವೆ. ಆದರೆ ನಾನು ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್‌ಗಳು ಕಾಣುತ್ತಿಲ್ಲ. '&' ಚಿಹ್ನೆಯಿಂದ ಶುರುವಾಗುವ ಏನೇನೋ ಹೆಸರುಗಳಿವೆ.

ಬಿಟ್‌ಬೀಸಣಿಗೆ:
ಅವೇ ನಿಮ್ಮವು. ಐಮ್ಯಾಪ್‌ನಲ್ಲಿ ಇಂಗ್ಲಿಷೇತರ ಹೆಸರನ್ನು ಯುಟಿಎಫ್-7ರ ಒಂದು ಮಾರ್ಪಾಡಿನಲ್ಲಿ ಬರೆಯುವುದು ಹಳೇ ನಿಯಮ. ಕನ್ನಡದ ಎಲ್ಲ ಅಕ್ಷರಗಳ ಯುನಿಕೋಡ್ ಸಂಖ್ಯೆ 0ಸಿ ಇಂದ ಶುರುವಾಗುವುದರಿಂದ ಕನ್ನಡ ಹೆಸರು ಯಾವಾಗಲೂ '&' ಆದ ಮೇಲೆ ದೊಡ್ಡ ಡಿ. ಹಿಂದಿ, ತಮಿಳು ಬೇರೆ ಅಕ್ಷರದಿಂದ ಬರುತ್ತವೆ. ಕಾಪಿ ಮಾಡಿದ ಮೇಲೆ ಹೆಸರು ಸಾದಾ ಇಂಗ್ಲಿಷ್‌ಗೆ ಬದಲಿಸಿ.

ಹುಬ್ಬಳ್ಳಿ_ಹಾರ್ಡ್‌ಡಿಸ್ಕ್:
ಜಿಮೇಲ್ ಐಮ್ಯಾಪ್ ಇದ್ದವರು ಇಷ್ಟು ಗಾಬರಿ ಆಗೂದು ಬ್ಯಾಡ್ರಿ. ಇನ್‌ಬಾಕ್ಸಿನಿಂದ ಹೋದ ಮೇಲ್ 'ಆಲ್ ಮೇಲ್' ಒಳಗ ಕುಂತಿರ್ತೈತಿ ಹೆಚ್ಚಾಗಿ, ಸೆಟ್ಟಿಂಗ್ ಮುಟ್ಟದಿದ್ರ ಆರ್ಕೈವ್ ಆಗ್ತೈತಿ. ಟ್ರ್ಯಾಶಿಗೆ ಹೋದದ್ದು 30 ದಿನ ಇರ್ತೈತಿ. ಬ್ರೌಸರಿನಾಗ ನೋಡ್ರಿ ಮೊದ್ಲ.

ಕಾವೇರಿ_ಕ್ಲಿಕ್:
ಪಾಪ್‌ನವರಿಗೆ ಇನ್ನೊಂದು. ಸರ್ವರ್‌ನಲ್ಲಿ ಪ್ರತಿ ಬಿಟ್ಟಿರುವ ಸೆಟ್ಟಿಂಗ್ ಇದ್ದರೆ, ಪ್ರೋಗ್ರಾಂ ಮುಚ್ಚಿ ಆ ಖಾತೆಯ ಫೋಲ್ಡರ್‌ನಲ್ಲಿರುವ 'ಪಾಪ್‌ಸ್ಟೇಟ್' ಎಂಬ ಡ್ಯಾಟ್ ಫೈಲ್ ಅಳಿಸಿ. ಯಾವುದನ್ನು ಇಳಿಸಿಯಾಗಿದೆ ಅನ್ನುವ ಲೆಕ್ಕದ ಪುಸ್ತಕ ಅದು. ಪುಸ್ತಕ ಇಲ್ಲದಿದ್ದರೆ ಸರ್ವರ್‌ನಲ್ಲಿ ಉಳಿದದ್ದೆಲ್ಲ ಮತ್ತೆ ಇಳಿಯುತ್ತದೆ, ಇದ್ದದ್ದಕ್ಕೆ ಜೋಡಿ ಬರುತ್ತದೆ.

ಗುರು_ಬೈಟ್:
ಔಟ್‌ಲುಕ್ ಹಾಕ್ಕೊಂಡ್ರೆ ಈ ತಲೆನೋವೇ ಇಲ್ಲ.

ಲಿನಕ್ಸಜ್ಜ:
ಅಲ್ಲಿ ಪಿಎಸ್‌ಟಿ ಎಂಬ ಒಂದೇ ಡಬ್ಬಿಯಲ್ಲಿ ಎಲ್ಲ ಫೋಲ್ಡರ್ ಇರುತ್ತವೆ. ಎಡಿಟರ್‌ನಲ್ಲಿ ತೆರೆದು ಓದುವ ಹಾಗೂ ಇಲ್ಲ. 2003ಕ್ಕಿಂತ ಹಿಂದಿನ ಪಿಎಸ್‌ಟಿ 2 ಜಿಬಿ ತಲುಪಿದರೆ ಕೆಡುತ್ತಿತ್ತು, 2010ರಿಂದ ಮಿತಿ 50 ಜಿಬಿ. ಸ್ಕ್ಯಾನ್‌ಪಿಎಸ್‌ಟಿ ಅನ್ನುವ ರಿಪೇರಿ ಉಪಕರಣ ಆಫೀಸ್ ಜೊತೆಗೇ ಬರುತ್ತದೆ, ಆದರೆ ಅಲ್ಲೂ ಮೊದಲ ಕೆಲಸ ಫೈಲ್‌ನ ನಕಲು. ಒಎಸ್‌ಟಿ ಎಂಬ ಇನ್ನೊಂದು ಬಗೆಯ ಫೈಲ್ ಆದರೆ ಅದು ಬರೀ ಸರ್ವರ್‌ನ ನೆರಳು.

ಅಡಿಕೆಪಟ್ಟೆ:
ಆನ್ಸಿಯಲ್ಲಿ ಉಳಿಸಿದ ಮೇಲೆ ಎಲ್ಲ ಸರಿಯಾಯಿತು, ಹಳೇ ನುಡಿ ಮೇಲ್ ಪರಿವರ್ತಕದಲ್ಲಿ ಓದಲು ಬರುತ್ತಿದೆ. ಇನ್ನು ಕಾಂಪ್ಯಾಕ್ಟ್ ಕೇಳದ ಹಾಗೆ ಆಫ್ ಮಾಡಿಬಿಡಲಾ?

ಅಂಚೆಡಬ್ಬಿ:
ಪೂರ್ತಿ ಆಫ್ ಮಾಡಿದರೆ ಫೈಲ್ ಊದುತ್ತಲೇ ಹೋಗುತ್ತದೆ. ತಾನಾಗಿ ಮಾಡುವುದನ್ನು ನಿಲ್ಲಿಸಿ, ತಿಂಗಳಿಗೊಮ್ಮೆ ನೀವೇ ಮಾಡಿ. ಸೆಟ್ಟಿಂಗ್ಸ್, ಜನರಲ್, ಡಿಸ್ಕ್ ಸ್ಪೇಸ್‌ನಲ್ಲಿ ಆ ಟಿಕ್ ಇದೆ, ಎಷ್ಟು ಎಂಬಿ ಉಳಿದರೆ ಅನ್ನುವ ಸಂಖ್ಯೆಯೂ ಅಲ್ಲೇ. ಮಾಡುವ ದಿನ ಮೊದಲು ಬ್ಯಾಕಪ್, ಆಮೇಲೆ ಡಿಸ್ಕ್‌ನಲ್ಲಿ ಅತಿ ದೊಡ್ಡ ಫೋಲ್ಡರ್‌ನಷ್ಟಾದರೂ ಖಾಲಿ ಜಾಗ ಇದೆಯಾ ನೋಡಿ, ಏಕೆಂದರೆ ಎರಡು ಪ್ರತಿ ಒಟ್ಟಿಗೆ ಇರುವ ಒಂದು ಗಳಿಗೆ ಬರುತ್ತದೆ. ನಂತರ ಫೈಲ್ ಮೆನುವಿನಿಂದ ಕಾಂಪ್ಯಾಕ್ಟ್. ಮೇಲ್ ಇಳಿಯುತ್ತಿರುವಾಗ ಬೇಡ.

ಬಿಟ್‌ಬೀಸಣಿಗೆ:
ಆ ಸಂಖ್ಯೆಯನ್ನು ಕಾನ್ಫಿಗ್ ಎಡಿಟರ್‌ನಲ್ಲಿ ಹುಡುಕುವವರಿಗೆ: ಅದರ ಹೆಸರಿನಲ್ಲಿ 'ಥ್ರೆಶ್‌ಹೋಲ್ಡ್' ಪದಕ್ಕೆ ಎರಡು ಎಚ್ ಪಕ್ಕಪಕ್ಕ ಬಿದ್ದಿವೆ. ಸರಿಯಾದ ಕಾಗುಣಿತದಲ್ಲಿ ಹುಡುಕಿದರೆ ಸಿಗುವುದಿಲ್ಲ!

ತುಂಗಾ_ತಟ:
ಪ್ರೊಫೈಲನ್ನೇ ಕ್ಲೌಡ್ ಡ್ರೈವ್ ಫೋಲ್ಡರ್‌ನಲ್ಲಿಟ್ಟರೆ ಬ್ಯಾಕಪ್ ಚಿಂತೆ ಇಲ್ಲವಲ್ಲ?

ಲಿನಕ್ಸಜ್ಜ:
ದಮ್ಮಯ್ಯ, ಬೇಡ. ಪ್ರೋಗ್ರಾಂ ಬರೆಯುತ್ತಿರುವಾಗಲೇ ಸಿಂಕ್ ಫೈಲ್ ಹಿಡಿಯುತ್ತದೆ, ಆಂಟಿವೈರಸ್‌ನ ಕಥೆಯೇ ಇಲ್ಲೂ. ಇನ್‌ಬಾಕ್ಸ್‌ಗೆ ಒಂದು ಮೇಲ್ ಬಂದರೂ 2 ಜಿಬಿ ಫೈಲ್ ಬದಲಾಯಿತು ಅಂತ ಲೆಕ್ಕ. ಪ್ರೋಗ್ರಾಂ ಮುಚ್ಚಿದಾಗ ನಕಲು ಮಾಡಿ, ಆ ನಕಲನ್ನು ಕ್ಲೌಡ್‌ಗೆ ಕಳಿಸಿ.

ಅಂಚೆಡಬ್ಬಿ:
ಆರ್ಕೈವ್ ಬಳಸಿದರೆ ನಕಲೂ ಸಣ್ಣದಾಗುತ್ತದೆ. ಅಕೌಂಟ್ ಸೆಟ್ಟಿಂಗ್ಸ್, ಕಾಪೀಸ್ ಆ್ಯಂಡ್ ಫೋಲ್ಡರ್ಸ್, ಆರ್ಕೈವ್ ಆಪ್ಶನ್ಸ್‌ನಲ್ಲಿ 'ವರ್ಷಕ್ಕೊಂದು ಫೋಲ್ಡರ್' ಆರಿಸಿ. ಮೇಲ್ ಆರಿಸಿ ಎ ಕೀ ಒತ್ತಿದರೆ ಆ ವರ್ಷದ ಫೈಲ್‌ಗೆ ಹೋಗಿ ಬೀಳುತ್ತದೆ. 2019ರ ಫೈಲ್ ಮತ್ತೆ ಬದಲಾಗುವುದೇ ಇಲ್ಲ, ಒಂದು ಸಲ ಬ್ಯಾಕಪ್ ಆದರೆ ಆಯಿತು.

ಮಂಡ್ಯದ_ಮೌಸ್:
ಮೇಲ್‌ಡಿರ್ ಅಂತ ಇದೆಯಲ್ಲ, ಒಂದು ಮೇಲ್‌ಗೆ ಒಂದು ಫೈಲ್? ಅದಿದ್ರೆ ಕಾಂಪ್ಯಾಕ್ಟೇ ಬೇಡ ತಾನೇ?

ಕಾವೇರಿ_ಕ್ಲಿಕ್:
ಕಾಂಪ್ಯಾಕ್ಟ್ ಬೇಡ, ನಿಜ. ಆದರೆ ಅಳಿಸಿದ್ದು ಅಳಿಸಿದ್ದೇ. ಫೈಲೇ ಹೋಗುತ್ತದೆ, 0009 ತಿದ್ದಿ ಎಬ್ಬಿಸುವ ಆಟ ನಡೆಯುವುದಿಲ್ಲ. ಎಸ್‌ಎಸ್‌ಡಿಯಲ್ಲಿ ಟ್ರಿಮ್ (ಅಳಿಸಿದ ಜಾಗವನ್ನು ನಿಜಕ್ಕೂ ಖಾಲಿ ಮಾಡುವ ಕೆಲಸ) ಓಡಿದ ಮೇಲೆ ಅನ್‌ಡಿಲೀಟ್ ಉಪಕರಣಕ್ಕೂ ಕೈಗೆ ಸಿಗುವುದಿಲ್ಲ. 50 ಸಾವಿರ ಸಣ್ಣ ಫೈಲ್ ಪೆನ್ ಡ್ರೈವ್‌ಗೆ ಕಾಪಿ ಆಗಲು ಊಟ ಮುಗಿಸಿ ಬರಬಹುದು. ಹೊಸ ಖಾತೆಗಷ್ಟೇ ಆ ಆಯ್ಕೆ, ಹಳೆಯದಕ್ಕೆ ಅನ್ವಯಿಸುವುದಿಲ್ಲ.

ಅಡಿಕೆಪಟ್ಟೆ:
ಬಿಲ್ಸ್2ರಲ್ಲಿ ಎದ್ದ ಉಳಿದ 306 ಮೇಲ್ ಬೇಡ. ಕೈಯಲ್ಲಿ ಒಂದೊಂದೇ ಅಳಿಸಬೇಕಾ?

ಹುಬ್ಬಳ್ಳಿ_ಹಾರ್ಡ್‌ಡಿಸ್ಕ್:
ಉಲ್ಟಾ ಮಾಡ್ರಿ. ಬೇಕಾದ 40 ಆರಿಸಿ ಮೂಲ ಬಿಲ್ಸಿಗೆ ಕಾಪಿ ಮಾಡ್ರಿ, ಅಟ್ಯಾಚ್‌ಮೆಂಟ್ ತೆರದು ನೋಡ್ರಿ, ಆಮ್ಯಾಲೆ ಬಿಲ್ಸ್2 ಫೋಲ್ಡರನ್ನ ಪೂರ್ತಿ ಅಳಿಸ್ರಿ. ಪೆನ್ ಡ್ರೈವಿನಾಗಿನ ನಕಲು ಮಾತ್ರ ಜಿಎಸ್‌ಟಿ ತುಂಬೋತನಕ ಹಂಗ ಇರ್ಲಿ.